ಒಂದು ಮಾರ್ಗ ಕಡಿದಾಗ ಇನ್ನೊಂದು: ಗ್ರಾಮ ಪಂಚಾಯತಿ ಜಾಲಸಂಪರ್ಕಕ್ಕೆ ಬದಲಿ ವ್ಯವಸ್ಥೆ ಮತ್ತು ಹೊರೆ ಹಂಚಿಕೆ

(ಗ್ರಾಮ ಪಂಚಾಯತಿಗಳ ಚುನಾಯಿತ ಪ್ರತಿನಿಧಿಗಳಿಗಾಗಿ ಅಧ್ಯಯನ ಪಾಠ)



ಗ್ರಾಮ ಪಂಚಾಯತಿ ಕಚೇರಿಯ ಬಹುಪಾಲು ಕಾರ್ಯಗಳು ಇಂದು ಅಂತರ್ಜಾಲದ ಮೂಲಕವೇ ನಡೆಯುತ್ತಿವೆ. ಪಂಚತಂತ್ರ ತಂತ್ರಾಂಶದಲ್ಲಿ ತೆರಿಗೆ ಮತ್ತು ಲೆಕ್ಕಪತ್ರ, ಇ-ಸ್ವತ್ತು ತಂತ್ರಾಂಶದಲ್ಲಿ ಆಸ್ತಿ ದಾಖಲೆ, ಬಾಪೂಜಿ ಸೇವಾ ಕೇಂದ್ರದಲ್ಲಿ ಸಾರ್ವಜನಿಕ ಅರ್ಜಿಗಳು, ಇ-ಗ್ರಾಮ ಸ್ವರಾಜ್‌ನಲ್ಲಿ ಯೋಜನೆ ಮತ್ತು ಪಾವತಿ, ಇವೆಲ್ಲವೂ ಒಂದೇ ಎಳೆಯ ಮೇಲೆ ನಿಂತಿವೆ. ಆ ಎಳೆ ಕಡಿದ ದಿನ ಕಚೇರಿಯ ಬಾಗಿಲು ತೆರೆದಿದ್ದರೂ ಕೆಲಸ ಮುಚ್ಚಿರುತ್ತದೆ.

ಇದರ ಪರಿಣಾಮವನ್ನು ಕೇವಲ ಅನಾನುಕೂಲವೆಂದು ಎಣಿಸಲಾಗದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿ ಅಧಿಸೂಚಿತ ಸೇವೆಗಳಿಗೆ ಕಾಲಮಿತಿ ನಿಗದಿಯಾಗಿದೆ. ಆ ಕಾಲಮಿತಿಯ ಎಣಿಕೆ ಅರ್ಜಿ ಸ್ವೀಕೃತವಾದ ಮೇಲೆ ಆರಂಭವಾಗುತ್ತದೆ. ‘ನೆಟ್ ಇಲ್ಲ, ನಾಳೆ ಬನ್ನಿ’ ಎಂದು ಹಿಂದಿರುಗಿದ ವ್ಯಕ್ತಿಗೆ ಅರ್ಜಿ ಸಂಖ್ಯೆಯೇ ದೊರೆತಿರುವುದಿಲ್ಲ. ಆತನ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಹಾಗೂ ಕಾದ ಸಮಯ ಯಾವ ವರದಿಯಲ್ಲಿಯೂ ವಿಳಂಬವೆಂದು ದಾಖಲಾಗುವುದಿಲ್ಲ. ಆದ್ದರಿಂದ ಜಾಲಸಂಪರ್ಕದ ಅಡಚಣೆಯನ್ನು ತಗ್ಗಿಸುವುದು ಕಂಪ್ಯೂಟರ್ ಆಪರೇಟರ್ ಒಬ್ಬರ ಹೊಣೆಯಾಗಿ ಉಳಿಯದೆ ಪಂಚಾಯತಿಯ ಆಡಳಿತ ವಿಷಯವಾಗಬೇಕು.

ಈ ಪಾಠದ ಸಾರ ಹೀಗಿದೆ: ಎರಡನೆಯ ಸಂಪರ್ಕವು ಮೊದಲನೆಯದಕ್ಕಿಂತ ಬೇರೆ ಮಾರ್ಗದಲ್ಲಿ ಬರಬೇಕು, ಅಗತ್ಯ ಕೆಲಸದ ಹೊರೆಯನ್ನು ಒಂಟಿಯಾಗಿ ಹೊರಬಲ್ಲದ್ದಾಗಿರಬೇಕು ಮತ್ತು ನಿಯತವಾಗಿ ಪರೀಕ್ಷೆಗೆ ಒಳಪಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಎರಡನೆಯದು ಕಾಗದದ ಮೇಲೆ ಮಾತ್ರ ಇದ್ದಂತೆ.

1. ಎರಡು ಪದಗಳ ಅರ್ಥ

‘ಫೇಲ್‌ಓವರ್’ ಎಂದರೆ ಒಂದು ಸಾಧನ ಅಥವಾ ಮಾರ್ಗ ನಿಂತಾಗ ಅದರ ಕೆಲಸವನ್ನು ಕಾದಿರಿಸಿದ ಇನ್ನೊಂದು ತಾನಾಗಿ ವಹಿಸಿಕೊಳ್ಳುವುದು. ಇದನ್ನು ಈ ಪಾಠದಲ್ಲಿ ಬದಲಿ ವ್ಯವಸ್ಥೆ ಎಂದು ಕರೆಯಲಾಗಿದೆ. ‘ಲೋಡ್ ಬ್ಯಾಲೆನ್ಸಿಂಗ್’ ಎಂದರೆ ಎರಡೂ ಏಕಕಾಲದಲ್ಲಿ ದುಡಿಯುತ್ತ ಕೆಲಸವನ್ನು ಹಂಚಿಕೊಳ್ಳುವುದು. ಇದು ಹೊರೆ ಹಂಚಿಕೆ.

ಕುಡಿಯುವ ನೀರಿನ ಉದಾಹರಣೆಯಿಂದ ಇವುಗಳ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಗ್ರಾಮದಲ್ಲಿ ಎರಡು ಕೊಳವೆಬಾವಿಗಳಿವೆ ಎಂದಿಟ್ಟುಕೊಳ್ಳೋಣ. ಒಂದರಿಂದ ನಿತ್ಯ ನೀರೆತ್ತಿ, ಅದರ ಮೋಟಾರ್ ಸುಟ್ಟಾಗ ಮಾತ್ರ ಇನ್ನೊಂದನ್ನು ಚಾಲನೆ ಮಾಡುವುದು ಬದಲಿ ವ್ಯವಸ್ಥೆ. ಎರಡರಿಂದಲೂ ಒಟ್ಟಿಗೆ ಮೇಲ್ತೊಟ್ಟಿ ತುಂಬಿಸುವುದು ಹೊರೆ ಹಂಚಿಕೆ. ಈಗ ಎರಡೂ ಮೋಟಾರ್‌ಗಳಿಗೆ ಒಂದೇ ಟಿ.ಸಿ.ಯಿಂದ ವಿದ್ಯುತ್ ಬರುತ್ತಿದ್ದು ಆ ಟಿ.ಸಿ. ಸುಟ್ಟರೆ ಬಾವಿ ಎರಡಿದ್ದರೂ ಊರಿಗೆ ನೀರಿಲ್ಲ. ಜಾಲಸಂಪರ್ಕದಲ್ಲಿಯೂ ಇಂತಹ ‘ಒಂದೇ ಟಿ.ಸಿ.’ ಎಲ್ಲಿದೆ ಎಂದು ಹುಡುಕುವುದೇ ಮೊದಲ ಕೆಲಸ.

2. ಅರ್ಜಿ ಸಾಗುವ ದಾರಿ

ಸೇವಾ ಕೇಂದ್ರದಲ್ಲಿ ನಮೂದಿಸಿದ ಅರ್ಜಿಯು ಕಂಪ್ಯೂಟರ್‌ನಿಂದ ರೌಟರ್‌ಗೆ, ರೌಟರ್‌ನಿಂದ ಗೋಡೆಗೆ ಜೋಡಿಸಿದ ಒ.ಎನ್.ಟಿ. ಎಂಬ ಪೆಟ್ಟಿಗೆಗೆ, ಅಲ್ಲಿಂದ ಆಪ್ಟಿಕಲ್ ಫೈಬರ್ ಎಳೆಯ ಮೂಲಕ ತಾಲ್ಲೂಕು ಮಟ್ಟದ ಕೇಂದ್ರಕ್ಕೆ, ಕೊನೆಗೆ ತಂತ್ರಾಂಶವಿರುವ ದತ್ತಾಂಶ ಕೇಂದ್ರದ ಸರ್ವರ್‌ಗೆ ತಲುಪುತ್ತದೆ. ಸರಪಳಿಯ ಯಾವ ಕೊಂಡಿ ಕಳಚಿದರೂ ಕಂಪ್ಯೂಟರ್ ಪರದೆಯ ಮೇಲೆ ಕಾಣುವುದು ಒಂದೇ: ಪುಟ ತೆರೆಯುತ್ತಿಲ್ಲ.

ಗ್ರಾಮ ಪಂಚಾಯತಿಗಳಿಗೆ ಫೈಬರ್ ತಲುಪಿಸುವ ಯೋಜನೆಯನ್ನು ಕೇಂದ್ರ ಸರ್ಕಾರವು 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂಬ ಹೆಸರಿನಲ್ಲಿ ಅನುಮೋದಿಸಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಆರಂಭದ ಹಂತದಲ್ಲಿ ಎಳೆಗಳನ್ನು ಬಹುಮಟ್ಟಿಗೆ ಮರದ ಕೊಂಬೆಗಳಂತೆ ಹಾಯಿಸಲಾಗಿತ್ತು. ಕೊಂಬೆ ಒಂದೆಡೆ ಕಡಿದರೆ ಅದರ ಮುಂದಿನ ಎಲ್ಲ ಪಂಚಾಯತಿಗಳೂ ಸಂಪರ್ಕ ಕಳೆದುಕೊಳ್ಳುತ್ತಿದ್ದವು. 2023ರಲ್ಲಿ ಅನುಮೋದನೆ ಪಡೆದ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮವು ಇದನ್ನು ವರ್ತುಲಾಕಾರಕ್ಕೆ ಪರಿವರ್ತಿಸುವ ಗುರಿ ಹೊಂದಿದೆ. ವರ್ತುಲದಲ್ಲಿ ಒಂದು ಕಡೆ ಎಳೆ ಕಡಿದರೆ ದತ್ತಾಂಶವು ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಬದಲಿ ವ್ಯವಸ್ಥೆಯ ತತ್ತ್ವವನ್ನು ಇಲ್ಲಿ ಜಾಲದ ವಿನ್ಯಾಸದಲ್ಲಿಯೇ ಅಳವಡಿಸಲಾಗಿದೆ. ಆದರೆ ವರ್ತುಲದಿಂದ ಕಚೇರಿಯ ಗೋಡೆಯವರೆಗಿನ ಕೊನೆಯ ತುಂಡು, ಒ.ಎನ್.ಟಿ., ರೌಟರ್ ಮತ್ತು ಕಚೇರಿಯ ವಿದ್ಯುತ್ ಒಂಟಿಯಾಗಿಯೇ ಉಳಿಯಬಹುದು. ಅವುಗಳ ಬಗ್ಗೆ ಪಂಚಾಯತಿಯೇ ಯೋಚಿಸಬೇಕು.

3. ದೋಷ ಎಲ್ಲಿದೆ ಎಂದು ತಿಳಿಯುವ ಬಗೆ

ದೂರು ಸರಿಯಾದ ಕಡೆಗೆ ಹೋಗಬೇಕಾದರೆ ದೋಷದ ಸ್ಥಳ ತಿಳಿದಿರಬೇಕು. ಇದಕ್ಕೆ ತಾಂತ್ರಿಕ ಪದವಿ ಬೇಕಿಲ್ಲ. ಸದಸ್ಯರು ಸಹ ಈ ಕೆಳಗಿನಂತೆ ಪರಿಶೀಲಿಸಬಹುದು.

(ಅ) ಒ.ಎನ್.ಟಿ. ಪೆಟ್ಟಿಗೆಯಲ್ಲಿ ಯಾವ ದೀಪವೂ ಉರಿಯದಿದ್ದರೆ ವಿದ್ಯುತ್ ಅಥವಾ ಅಡಾಪ್ಟರ್ ದೋಷ.

(ಆ) ‘ಎಲ್.ಒ.ಎಸ್.’ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಫೈಬರ್‌ನಿಂದ ಬೆಳಕಿನ ಸಂಕೇತ ಬರುತ್ತಿಲ್ಲ. ಎಳೆ ಕಡಿದಿರುವ, ಬಾಗಿರುವ ಅಥವಾ ಕಳಚಿರುವ ಸಾಧ್ಯತೆ ಹೆಚ್ಚು.

(ಇ) ದೀಪಗಳು ಸರಿಯಿದ್ದು ಯಾವ ಜಾಲತಾಣವೂ ತೆರೆಯದಿದ್ದರೆ ಕಚೇರಿಯ ರೌಟರ್‌ನಲ್ಲಿ ಅಥವಾ ತಾಲ್ಲೂಕು ಕೇಂದ್ರದ ಆಚೆಗೆ ದೋಷವಿದೆ.

(ಈ) ಇತರ ಜಾಲತಾಣಗಳು ತೆರೆದು ಒಂದು ತಂತ್ರಾಂಶ ಮಾತ್ರ ತೆರೆಯದಿದ್ದರೆ ಬಹುಮಟ್ಟಿಗೆ ಆ ತಂತ್ರಾಂಶದ ಸರ್ವರ್‌ನಲ್ಲಿ ತೊಂದರೆಯಿದೆ. ಆಗ ಕಚೇರಿಯ ಬದಲಿ ಸಂಪರ್ಕದಿಂದಲೂ ಪ್ರಯೋಜನವಾಗದು.

ನಾಲ್ಕೂ ಸಂದರ್ಭಗಳಿಗೆ ‘ಸರ್ವರ್ ಡೌನ್’ ಎಂಬ ಒಂದೇ ಕಾರಣ ನೀಡುವ ರೂಢಿ ಬಿಡಬೇಕು. ಕಾರಣ ತಪ್ಪಾಗಿ ದಾಖಲಾದರೆ ಪರಿಹಾರವೂ ತಪ್ಪಾದ ಕಡೆಯಿಂದ ನಿರೀಕ್ಷಿತವಾಗುತ್ತದೆ.

4. ಬದಲಿ ವ್ಯವಸ್ಥೆಯನ್ನು ಅಳವಡಿಸುವ ಕ್ರಮ

ಎರಡು ಸಂಪರ್ಕಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸ್ವೀಕರಿಸುವ ಡ್ಯುಯಲ್-ವ್ಯಾನ್ ರೌಟರ್ ಇದಕ್ಕೆ ಬೇಕು. ಒಂದು ದ್ವಾರಕ್ಕೆ ಫೈಬರ್, ಇನ್ನೊಂದಕ್ಕೆ ಬೇರೆ ಸಂಸ್ಥೆಯ 4ಜಿ ಅಥವಾ 5ಜಿ ಸಿಮ್. ಕಚೇರಿಯೊಳಗೆ ಸಂಕೇತ ದುರ್ಬಲವಾಗಿದ್ದರೆ ಮಹಡಿಯ ಮೇಲೆ ಆಂಟೆನಾ ಅಳವಡಿಸಬೇಕು.

ಮಾರ್ಗದ ಪ್ರತ್ಯೇಕತೆ: ಎರಡನೆಯ ಸಂಪರ್ಕವೂ ಕೇಬಲ್‌ನದೇ ಆಗಿದ್ದರೆ ಅದು ಬರುವ ದಾರಿಯನ್ನು ಸ್ಥಳದಲ್ಲಿ ನೋಡಬೇಕು. ಎರಡೂ ಒಂದೇ ರಸ್ತೆಯ ಬದಿಯಲ್ಲಿ ಅಥವಾ ಒಂದೇ ಕಂಬಸಾಲಿನಲ್ಲಿ ಬಂದರೆ ಜೆ.ಸಿ.ಬಿ.ಯ ಒಂದು ಹೊಡೆತಕ್ಕೆ ಎರಡೂ ಹೋಗುತ್ತವೆ. ಬಿಲ್ಲು ಎರಡಿದ್ದ ಮಾತ್ರಕ್ಕೆ ಮಾರ್ಗ ಎರಡಾಗುವುದಿಲ್ಲ. ಸಿಮ್ ಆಯ್ಕೆಯಲ್ಲಿಯೂ ವಿಚಾರಣೆ ಅಗತ್ಯ: ಆ ಮೊಬೈಲ್ ಗೋಪುರಕ್ಕೆ ಅದೇ ಫೈಬರ್ ಎಳೆಯೇ ಆಧಾರವಾಗಿದೆಯೇ? ವಿದ್ಯುತ್ ಹೋದಾಗ ಗೋಪುರ ಎಷ್ಟು ಹೊತ್ತು ನಡೆಯುತ್ತದೆ?

ಪ್ರತ್ಯೇಕತೆಯ ಮಹತ್ವಕ್ಕೆ ಫ್ರಾನ್ಸಿನ ಒಂದು ಘಟನೆ ನಿದರ್ಶನ. 2021ರ ಮಾರ್ಚ್ 10ರಂದು ಸ್ಟ್ರಾಸ್‌ಬರ್ಗ್ ನಗರದಲ್ಲಿ ಒವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದ ಒಂದು ಕಟ್ಟಡ ಬೆಂಕಿಗೆ ಪೂರ್ಣ ಆಹುತಿಯಾಯಿತು. ದತ್ತಾಂಶದ ಪ್ರತಿಯನ್ನು ಬೇರೆ ಊರಿನಲ್ಲಿ ಇರಿಸಿದ್ದವರು ಚೇತರಿಸಿಕೊಂಡರು. ಮೂಲವನ್ನೂ ಪ್ರತಿಯನ್ನೂ ಅದೇ ಆವರಣದಲ್ಲಿ ಇರಿಸಿದ್ದ ಕೆಲವು ಗ್ರಾಹಕರಿಗೆ ಅದು ಮರಳಿ ದೊರೆಯಲಿಲ್ಲ. ಅವರ ಬಳಿ ಪ್ರತಿ ಇತ್ತು, ಆದರೆ ಪ್ರತ್ಯೇಕತೆ ಇರಲಿಲ್ಲ.

ಗುರುತಿಸುವಿಕೆ: ಮೊದಲ ಮಾರ್ಗ ನಿಂತಿದೆ ಎಂದು ರೌಟರ್‌ಗೆ ತಿಳಿಯುವುದು ಹೇಗೆ? ಕೆಲವು ರೌಟರ್‌ಗಳು ಕೇಬಲ್ ಜೋಡಣೆ ಇದೆಯೇ ಎಂಬುದನ್ನು ಮಾತ್ರ ನೋಡುತ್ತವೆ. ಒ.ಎನ್.ಟಿ.ಯಿಂದ ರೌಟರ್‌ವರೆಗಿನ ತಂತಿ ಸರಿಯಿದ್ದು ಹತ್ತು ಕಿಲೋಮೀಟರ್ ಆಚೆ ಫೈಬರ್ ಕಡಿದಿದ್ದರೆ ಅಂತಹ ರೌಟರ್ ಎಲ್ಲವೂ ಸರಿಯಿದೆ ಎಂದೇ ಭಾವಿಸುತ್ತದೆ. ಆದ್ದರಿಂದ ದೂರದ ಎರಡು ವಿಳಾಸಗಳಿಗೆ ನಿಯತವಾಗಿ ‘ಪಿಂಗ್’ ಕಳುಹಿಸಿ ಉತ್ತರ ಬರುತ್ತಿದೆಯೇ ಎಂದು ಪರೀಕ್ಷಿಸುವಂತೆ ಹೊಂದಿಸಬೇಕು. ಉದಾಹರಣೆಗೆ, ಐದು ಸೆಕೆಂಡುಗಳಿಗೊಮ್ಮೆ ಪರೀಕ್ಷೆ, ಸತತ ಮೂರು ಬಾರಿ ಎರಡೂ ಕಡೆಯಿಂದ ಉತ್ತರವಿಲ್ಲದಿದ್ದರೆ ಬದಲಿ ಮಾರ್ಗಕ್ಕೆ ವರ್ಗಾವಣೆ. ಒಂದೇ ವಿಳಾಸವನ್ನು ನಂಬಿದರೆ ಆ ವಿಳಾಸದ ದೋಷವನ್ನು ರೌಟರ್ ನಮ್ಮ ದೋಷವೆಂದು ತಿಳಿಯುತ್ತದೆ.

ಹಿಂದಿರುಗುವಿಕೆ: ಫೈಬರ್ ಸರಿಯಾದ ತಕ್ಷಣ ಹಿಂದಿರುಗಬಾರದು. ಕೆಲವು ನಿಮಿಷ ಸ್ಥಿರವಾಗಿದೆ ಎಂದು ಖಚಿತವಾದ ಮೇಲೆಯೇ ಮರಳುವಂತೆ ಹೊಂದಿಸಬೇಕು. ಇಲ್ಲವಾದರೆ ಬಂದು ಹೋಗುವ ಎಳೆಯ ಜೊತೆಗೆ ರೌಟರ್ ಸಹ ಅತ್ತಿತ್ತ ತೂಗಾಡುತ್ತ, ನಮೂದು ಮಾಡುತ್ತಿರುವ ಅರ್ಜಿ ಪದೇ ಪದೇ ಕಡಿದುಹೋಗುತ್ತದೆ.

ವರ್ಗಾವಣೆಯ ಕ್ಷಣ: ಮಾರ್ಗ ಬದಲಾದಾಗ ಕಚೇರಿಯ ಅಂತರ್ಜಾಲ ವಿಳಾಸವೂ ಬದಲಾಗುತ್ತದೆ. ತೆರೆದಿರುವ ಲಾಗಿನ್ ಕಡಿದು ಮತ್ತೆ ಪ್ರವೇಶಿಸಬೇಕಾಗಬಹುದು. ತೆರಿಗೆ ಅಥವಾ ಶುಲ್ಕ ಪಾವತಿಯ ನಡುವೆ ಹೀಗಾದರೆ ಮೊದಲಿನ ಪಾವತಿಯ ಸ್ಥಿತಿಯನ್ನು ಪರಿಶೀಲಿಸದೆ ಎರಡನೆಯ ಬಾರಿ ಹಣ ಪಡೆಯಬಾರದು. ಈ ಸೂಚನೆಯನ್ನು ಸೇವಾ ಕೇಂದ್ರದ ಗೋಡೆಯ ಮೇಲೆ ಬರೆದು ಅಂಟಿಸುವುದು ಉಚಿತ.

ವಿದ್ಯುತ್: ಒ.ಎನ್.ಟಿ. ಮತ್ತು ರೌಟರ್ ಎರಡೂ ಸೇರಿ ಬಳಸುವ ವಿದ್ಯುತ್ ಒಂದು ಸಣ್ಣ ದೀಪದಷ್ಟೇ. ಅವುಗಳನ್ನು ಪ್ರಿಂಟರ್, ಜೆರಾಕ್ಸ್ ಯಂತ್ರಗಳೊಂದಿಗೆ ಒಂದೇ ಯು.ಪಿ.ಎಸ್.ಗೆ ಜೋಡಿಸದೆ ಪ್ರತ್ಯೇಕ ಯು.ಪಿ.ಎಸ್.ನಲ್ಲಿ ಇರಿಸಿದರೆ ವಿದ್ಯುತ್ ಹೋದಾಗಲೂ ಹೆಚ್ಚು ಹೊತ್ತು ನಡೆಯುತ್ತವೆ.

5. ಹೊರೆ ಹಂಚಿಕೆ: ಲಾಭ ಮತ್ತು ಎಚ್ಚರಿಕೆ

ಎರಡೂ ಸಂಪರ್ಕಗಳಿಗೆ ಹಣ ಕೊಡುತ್ತಿರುವಾಗ ಒಂದನ್ನು ಸುಮ್ಮನೆ ಇಡುವುದೇಕೆ ಎಂಬ ಪ್ರಶ್ನೆ ಸಭೆಯಲ್ಲಿ ಬರುವುದು ಸಹಜ. ಹೊರೆ ಹಂಚಿಕೆಯಲ್ಲಿ ರೌಟರ್ ಹೊಸ ಸಂಪರ್ಕಗಳನ್ನು ಸರದಿಯಂತೆ, ಅಥವಾ ಮಾರ್ಗಗಳ ಸಾಮರ್ಥ್ಯದ ಅನುಪಾತದಂತೆ ಹಂಚುತ್ತದೆ. ಫೈಬರ್ 100 ಎಂಬಿಪಿಎಸ್, ಸಿಮ್ 20 ಎಂಬಿಪಿಎಸ್ ಇದ್ದರೆ 5:1 ಅನುಪಾತ ಸೂಕ್ತ. ಆದರೆ ಒಬ್ಬರು ಇಳಿಸಿಕೊಳ್ಳುವ ಒಂದು ಕಡತಕ್ಕೆ 120 ಎಂಬಿಪಿಎಸ್ ವೇಗ ದೊರೆಯುತ್ತದೆ ಎಂದು ತಿಳಿಯಬಾರದು. ಒಂದು ಸಂಪರ್ಕವು ಒಂದೇ ಮಾರ್ಗದಲ್ಲಿ ಸಾಗುತ್ತದೆ. ಅಲ್ಲದೆ ಒಬ್ಬ ಬಳಕೆದಾರರ ಒಂದು ಲಾಗಿನ್ ಎರಡು ವಿಳಾಸಗಳಿಂದ ಬಂದರೆ ಕೆಲವು ತಂತ್ರಾಂಶಗಳು ಅನುಮಾನಿಸಿ ಹೊರಹಾಕುತ್ತವೆ. ಆದ್ದರಿಂದ ಪ್ರತಿ ಕಂಪ್ಯೂಟರ್ ತನ್ನ ಕೆಲಸ ಮುಗಿಯುವವರೆಗೆ ಒಂದೇ ಮಾರ್ಗಕ್ಕೆ ಅಂಟಿಕೊಂಡಿರುವಂತೆ ಹೊಂದಿಸಬೇಕು.

ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ಎರಡು ಸರ್ವರ್‌ಗಳು ತಲಾ ಶೇ 60ರಷ್ಟು ಹೊರೆ ಹೊತ್ತಿವೆ ಎನ್ನೋಣ. ನೋಡಲು ಎರಡೂ ಆರಾಮವಾಗಿವೆ. ಒಂದು ನಿಂತರೆ ಉಳಿದದ್ದರ ಮೇಲೆ ಬೀಳುವುದು ಶೇ 120. ಅದೂ ಕುಸಿಯುತ್ತದೆ. ಮೂರು ಸರ್ವರ್‌ಗಳು ತಲಾ ಶೇ 60 ಹೊತ್ತಿದ್ದು ಒಂದು ನಿಂತರೆ ಉಳಿದೆರಡರ ಮೇಲೆ ತಲಾ ಶೇ 90. ಕಷ್ಟವಾದರೂ ಕೆಲಸ ನಡೆಯುತ್ತದೆ. ಎರಡೇ ಇದ್ದಾಗ ತಲಾ ಅರ್ಧಕ್ಕಿಂತ ಕಡಿಮೆ ಹೊರೆ ಇರಬೇಕು ಎಂಬ ನಿಯಮ ಇದರಿಂದ ಬಂದಿದೆ. ಹಂಚಿಕೊಂಡ ಹೊರೆಯನ್ನು ಒಬ್ಬರೇ ಹೊರಲಾರದಿದ್ದರೆ ಅಲ್ಲಿ ಬದಲಿ ವ್ಯವಸ್ಥೆ ಇಲ್ಲವೆಂದೇ ಅರ್ಥ.

ನಮ್ಮ ದೇಶದ ವಿದ್ಯುತ್ ಜಾಲ ಇದೇ ಪಾಠವನ್ನು 2012ರಲ್ಲಿ ಕಲಿಸಿತು. ಜುಲೈ 30ರಂದು, ಪಶ್ಚಿಮ ಮತ್ತು ಉತ್ತರ ವಲಯಗಳ ನಡುವಿನ ಹಲವು ಮಾರ್ಗಗಳು ಮೊದಲೇ ಸ್ಥಗಿತಗೊಂಡಿದ್ದಾಗ, ಬೀನಾ–ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ಮಾರ್ಗವು ಅತಿಹೊರೆಯಿಂದ ಕಳಚಿಕೊಂಡಿತು. ಅದರ ಹೊರೆ ಇತರ ಮಾರ್ಗಗಳ ಮೇಲೆ ಬಿದ್ದು ಅವೂ ಒಂದೊಂದಾಗಿ ಕಳಚಿದವು, ಉತ್ತರ ವಲಯ ಕತ್ತಲಾಯಿತು. ಮರುದಿನ ಉತ್ತರ, ಪೂರ್ವ ಮತ್ತು ಈಶಾನ್ಯ ವಲಯಗಳು ಮೂರೂ ಕುಸಿದವು. ಆಗ ದಕ್ಷಿಣದ ಜಾಲವು ಉಳಿದ ಜಾಲದೊಂದಿಗೆ ಏಕತಾಳದಲ್ಲಿ ಬೆಸೆದಿರಲಿಲ್ಲವಾದ್ದರಿಂದ ಕರ್ನಾಟಕ ಈ ಕುಸಿತದಿಂದ ಹೊರಗುಳಿಯಿತು. ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಆ ಬೆಸುಗೆ ಆದದ್ದು 2013ರ ಡಿಸೆಂಬರ್ 31ರಂದು. ಮಾರ್ಗಗಳು ಹಲವಿದ್ದರೂ ಒಂದು ಹೋದಾಗ ಉಳಿದವುಗಳಲ್ಲಿ ಜಾಗವಿರಬೇಕು ಎಂಬುದೇ ಇದರ ತಾತ್ಪರ್ಯ.

ಪಂಚಾಯತಿಗೆ ಇದನ್ನು ಅನ್ವಯಿಸೋಣ. ಸೇವಾ ಕೇಂದ್ರ ಮತ್ತು ಕಚೇರಿಯ ನಾಲ್ಕು ಕಂಪ್ಯೂಟರ್‌ಗಳಿಗೆ ತಲಾ 2 ಎಂಬಿಪಿಎಸ್‌ನಂತೆ 8 ಎಂಬಿಪಿಎಸ್ ಸಾಕೆಂದು ಲೆಕ್ಕ ಹಾಕಬಹುದು. ಸಿ.ಸಿ. ಕ್ಯಾಮೆರಾಗಳ ದೃಶ್ಯ ರವಾನೆ, ಅರಿವು ಕೇಂದ್ರದ ಕಂಪ್ಯೂಟರ್‌ಗಳು ಹಾಗೂ ಸಾರ್ವಜನಿಕ ವೈಫೈ ಇದಕ್ಕೆ ಸೇರಿದರೆ ಸಿಮ್ ಸಂಪರ್ಕ ಉಸಿರು ಕಟ್ಟುತ್ತದೆ. ಆದ್ದರಿಂದ ಬದಲಿ ಮಾರ್ಗದಲ್ಲಿರುವಾಗ ಯಾವುದು ನಡೆಯಬೇಕು, ಯಾವುದು ತಾತ್ಕಾಲಿಕವಾಗಿ ನಿಲ್ಲಬೇಕು ಎಂಬ ಆದ್ಯತಾ ಪಟ್ಟಿಯನ್ನು ಮೊದಲೇ ತಯಾರಿಸಿ ರೌಟರ್‌ನಲ್ಲಿ ಅಳವಡಿಸಬೇಕು. ಸಾರ್ವಜನಿಕ ಅರ್ಜಿ ಮೊದಲ ಸ್ಥಾನದಲ್ಲಿರಬೇಕು. ಈ ಆದ್ಯತೆ ನಿರ್ಧರಿಸುವುದು ಸಭೆಯ ಕೆಲಸ, ರೌಟರ್ ಹೊಂದಿಸುವವರ ಕೆಲಸವಲ್ಲ. ಸಣ್ಣ ಕಚೇರಿಗಳು ಮೊದಲು ಬದಲಿ ವ್ಯವಸ್ಥೆಯನ್ನು ಭದ್ರಪಡಿಸಿ, ಅಗತ್ಯ ಕಂಡರೆ ಮಾತ್ರ ಹೊರೆ ಹಂಚಿಕೆಗೆ ಮುಂದಾಗುವುದು ಸೂಕ್ತ.

6. ಸರ್ವರ್‌ಗಳ ನಡುವೆ ನಡೆಯುವುದೇನು?

ದತ್ತಾಂಶ ಕೇಂದ್ರದ ಸರ್ವರ್‌ಗಳು ಪಂಚಾಯತಿಯ ಅಧೀನದಲ್ಲಿಲ್ಲ. ಆದರೂ ಅವುಗಳ ಕ್ರಮ ತಿಳಿದಿದ್ದರೆ ಪರಿಶೀಲನಾ ಸಭೆಗಳಲ್ಲಿ ಸರಿಯಾದ ಪ್ರಶ್ನೆ ಕೇಳಬಹುದು.

ದೊಡ್ಡ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಹಲವು ಸರ್ವರ್‌ಗಳ ಮುಂದೆ ಲೋಡ್ ಬ್ಯಾಲೆನ್ಸರ್ ಎಂಬ ಸಾಧನವಿರುತ್ತದೆ. ಸಂತೆಯ ದಿನ ಬ್ಯಾಂಕಿನ ಬಾಗಿಲಲ್ಲಿ ನಿಂತು ‘ನೀವು ಮೂರನೆಯ ಕೌಂಟರ್‌ಗೆ ಹೋಗಿ’ ಎಂದು ಕಳುಹಿಸುವವರಂತೆ ಅದು ಬಂದ ಕೋರಿಕೆಗಳನ್ನು ಹಂಚುತ್ತದೆ. ಸರದಿಯಂತೆ ಹಂಚುವುದು ಒಂದು ವಿಧಾನ, ಕಡಿಮೆ ಕೆಲಸವಿರುವ ಸರ್ವರ್‌ಗೆ ಕಳುಹಿಸುವುದು ಇನ್ನೊಂದು. ಉತ್ತರಿಸದ ಸರ್ವರ್ ಅನ್ನು ಅದು ಸರದಿಯಿಂದ ಕೈಬಿಡುತ್ತದೆ. ಹಂಚುವ ಸಾಧನವೇ ಒಂದೇ ಇದ್ದರೆ ಅದೂ ‘ಒಂದೇ ಟಿ.ಸಿ.’ ಆಗುತ್ತದೆ. ಆದ್ದರಿಂದ ಅದನ್ನೂ ಜೋಡಿಯಾಗಿ ಇರಿಸುತ್ತಾರೆ. ಎರಡೂ ‘ನಾನಿದ್ದೇನೆ’ ಎಂಬ ಸಂದೇಶವನ್ನು ಪರಸ್ಪರ ಕಳುಹಿಸುತ್ತಿರುತ್ತವೆ. ಮುಖ್ಯ ಸಾಧನದ ಸಂದೇಶ ನಿಂತಾಗ ಎರಡನೆಯದು ಅದೇ ವಿಳಾಸವನ್ನು ವಹಿಸಿಕೊಳ್ಳುತ್ತದೆ.

ಇಲ್ಲಿ ಒಂದು ಅಪಾಯವಿದೆ. ಎರಡು ಸರ್ವರ್‌ಗಳೂ ಜೀವಂತವಾಗಿದ್ದು ಅವುಗಳ ನಡುವಿನ ತಂತಿ ಮಾತ್ರ ಕಡಿದರೆ? ಪ್ರತಿಯೊಂದೂ ಇನ್ನೊಂದು ಸತ್ತಿದೆ ಎಂದು ಭಾವಿಸಿ ತಾನೇ ಮುಖ್ಯವೆಂದು ಬರೆಯಲು ಆರಂಭಿಸುತ್ತದೆ. ಒಂದೇ ಪಂಚಾಯತಿಯಲ್ಲಿ ಇಬ್ಬರು ಕರವಸೂಲಿಗಾರರು ಒಂದೇ ಸಂಖ್ಯೆಯ ಎರಡು ರಶೀದಿ ಪುಸ್ತಕಗಳಲ್ಲಿ ರಶೀದಿ ಹರಿದಂತೆ. ಆಮೇಲೆ ಯಾವ ಲೆಕ್ಕ ಸರಿ ಎಂದು ನಿರ್ಣಯಿಸುವುದು ಬಹಳ ಕಷ್ಟ. ಇದಕ್ಕೆ ಪರಿಹಾರ ಸದಸ್ಯರಿಗೆ ಚಿರಪರಿಚಿತವಾದದ್ದೇ: ಕೋರಂ. ಮೂರು ಸದಸ್ಯ-ಸರ್ವರ್‌ಗಳಲ್ಲಿ ಕನಿಷ್ಠ ಎರಡರ ಸಮ್ಮತಿ ಇಲ್ಲದೆ ಯಾವುದೂ ಮುಖ್ಯವಾಗುವಂತಿಲ್ಲ. ತಂತ್ರಜ್ಞರು ಇದಕ್ಕೆ ಬಳಸುವ ಪದವೂ ಕೋರಂ ಎಂಬುದೇ ಆಗಿದೆ. ಕೋರಂ ಇಲ್ಲದ ಸಭೆ ನಿರ್ಣಯ ಕೈಗೊಳ್ಳಬಾರದೆಂಬ ವಿವೇಕವೇ ಯಂತ್ರಗಳಿಗೂ ಅನ್ವಯವಾಗಿದೆ.

7. ಪರೀಕ್ಷೆ ಮತ್ತು ದಾಖಲೆ

ಬದಲಿ ಸಂಪರ್ಕ ಕೈಕೊಡಲು ದೊಡ್ಡ ತಾಂತ್ರಿಕ ಕಾರಣ ಬೇಕಿಲ್ಲ. ಸಿಮ್ ರೀಚಾರ್ಜ್ ಅವಧಿ ಮುಗಿದಿರುತ್ತದೆ, ಯು.ಪಿ.ಎಸ್. ಬ್ಯಾಟರಿ ಸತ್ತಿರುತ್ತದೆ, ರೌಟರ್ ಇರುವ ಕೊಠಡಿಯ ಬೀಗದ ಕೈ ರಜೆಯಲ್ಲಿರುವವರ ಬಳಿ ಇರುತ್ತದೆ. ಬಳಸದ ವಸ್ತುವಿನ ದೋಷ ಬಳಸುವ ದಿನದವರೆಗೆ ಕಾಣುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ, ಜನಸಂದಣಿ ಇಲ್ಲದ ಸಮಯದಲ್ಲಿ ಈ ಪರೀಕ್ಷೆ ನಡೆಸತಕ್ಕದ್ದು:

(ಅ) ಒ.ಎನ್.ಟಿ.ಯಿಂದ ರೌಟರ್‌ಗೆ ಬರುವ ತಂತಿಯನ್ನು ಕಳಚುವುದು. ಎಷ್ಟು ಸೆಕೆಂಡುಗಳಲ್ಲಿ ಬದಲಿ ಮಾರ್ಗ ಬಂದಿತೆಂದು ಬರೆಯುವುದು.

(ಆ) ಬದಲಿ ಮಾರ್ಗದಲ್ಲಿ ಪ್ರತಿಯೊಂದು ತಂತ್ರಾಂಶಕ್ಕೂ ಲಾಗಿನ್ ಆಗಿ ನೋಡುವುದು. ನಿಗದಿತ ವಿಳಾಸಗಳಿಂದ ಮಾತ್ರ ಪ್ರವೇಶ ನೀಡುವ ತಂತ್ರಾಂಶವಿದ್ದರೆ ಅದು ಇಲ್ಲಿಯೇ ಪತ್ತೆಯಾಗುತ್ತದೆ.

(ಇ) ಮುಖ್ಯ ಸ್ವಿಚ್ ಆರಿಸಿ ಯು.ಪಿ.ಎಸ್. ಎಷ್ಟು ಹೊತ್ತು ನಡೆಯಿತೆಂದು ದಾಖಲಿಸುವುದು.

(ಈ) ತಂತಿಯನ್ನು ಮರಳಿ ಜೋಡಿಸಿ ಮೂಲ ಮಾರ್ಗಕ್ಕೆ ಹಿಂದಿರುಗಿದ್ದನ್ನು ಖಚಿತಪಡಿಸುವುದು.

ಫೈಬರ್‌ನ ತೆಳುವಾದ ಗಾಜಿನ ಎಳೆಯನ್ನು ಮಾತ್ರ ಪರೀಕ್ಷೆಗಾಗಿ ಕಳಚಬಾರದು. ಅದರ ತುದಿಗೆ ಧೂಳು ತಗುಲಿದರೂ ಸಂಕೇತ ಕೆಡುತ್ತದೆ.

ಎರಡೂ ಮಾರ್ಗಗಳು ನಿಂತ ದಿನಕ್ಕೆ ಕಾಗದದ ವ್ಯವಸ್ಥೆಯೂ ಸಿದ್ಧವಿರಬೇಕು. ಬಂದವರ ಹೆಸರು, ದೂರವಾಣಿ ಸಂಖ್ಯೆ, ಕೋರಿದ ಸೇವೆ ಮತ್ತು ಸಮಯವನ್ನು ವಹಿಯಲ್ಲಿ ನಮೂದಿಸಿ, ದಾಖಲೆಗಳ ಪ್ರತಿ ಪಡೆದು, ಸಹಿ ಮಾಡಿದ ಚೀಟಿ ನೀಡುವುದು. ಸಂಪರ್ಕ ಬಂದೊಡನೆ ಅದೇ ಕ್ರಮದಲ್ಲಿ ಅರ್ಜಿ ನಮೂದಿಸಿ ಸಂಖ್ಯೆಯನ್ನು ದೂರವಾಣಿ ಮೂಲಕ ತಿಳಿಸುವುದು. ಅರ್ಜಿದಾರರ ಬೆರಳಚ್ಚು ಅಥವಾ ಒ.ಟಿ.ಪಿ. ಅಗತ್ಯವಿರುವ ಸೇವೆಗಳಿಗೆ ಮಾತ್ರ ಅವರನ್ನು ಮತ್ತೆ ಕರೆಯಬೇಕಾದೀತು. ಉಳಿದವರು ಬರಿಗೈಯಲ್ಲಿ ಹಿಂದಿರುಗುವ ಕಾರಣವಿಲ್ಲ.

8. ಮಾದರಿ ನಿರ್ಣಯ

ಸಾಮಾನ್ಯ ಸಭೆಯಲ್ಲಿ ಮಂಡಿಸಲು ಅನುಕೂಲವಾಗುವಂತೆ ಕರಡನ್ನು ಇಲ್ಲಿ ನೀಡಲಾಗಿದೆ. ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು.

“ಸಾರ್ವಜನಿಕ ಸೇವೆಗಳಿಗೆ ಅಡಚಣೆಯಾಗದಂತೆ ಪಂಚಾಯತಿ ಕಚೇರಿಗೆ ಪ್ರತ್ಯೇಕ ಮಾರ್ಗದ ಎರಡನೆಯ ಜಾಲಸಂಪರ್ಕ, ಸ್ವಯಂಚಾಲಿತ ವರ್ಗಾವಣೆಯ ರೌಟರ್ ಹಾಗೂ ಪ್ರತ್ಯೇಕ ಯು.ಪಿ.ಎಸ್. ಒದಗಿಸಲು, ವೆಚ್ಚವನ್ನು ನಿಯಮಾನುಸಾರ ಲಭ್ಯ ಅನುದಾನದಿಂದ ಭರಿಸಲು ಮತ್ತು ಖರೀದಿಯನ್ನು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಚಾಲ್ತಿ ಸುತ್ತೋಲೆಗಳಂತೆ ಕೈಗೊಳ್ಳಲು ತೀರ್ಮಾನಿಸಲಾಯಿತು. ಬದಲಿ ಮಾರ್ಗದಲ್ಲಿ ಸಾರ್ವಜನಿಕ ಅರ್ಜಿಗಳಿಗೆ ಪ್ರಥಮ ಆದ್ಯತೆ ನೀಡತಕ್ಕದ್ದು. ಪ್ರತಿ ತಿಂಗಳು ಪರೀಕ್ಷೆ ನಡೆಸಿ ಅದರ ವಹಿಯನ್ನು ಮುಂದಿನ ಸಭೆಯಲ್ಲಿ ಮಂಡಿಸತಕ್ಕದ್ದು. ಪರೀಕ್ಷೆಗೆ ಶ್ರೀ/ಶ್ರೀಮತಿ ............ ಇವರನ್ನು, ಅವರ ಗೈರುಹಾಜರಿಯಲ್ಲಿ ಶ್ರೀ/ಶ್ರೀಮತಿ ............ ಇವರನ್ನು ಹೊಣೆಗಾರರನ್ನಾಗಿ ನೇಮಿಸಲಾಯಿತು.”

ಹೊಣೆಗಾರರ ಸ್ಥಾನದಲ್ಲಿಯೂ ಎರಡು ಹೆಸರುಗಳಿರುವುದನ್ನು ಸದಸ್ಯರು ಗಮನಿಸಬೇಕು. ಅಲ್ಲಿ ಒಂದೇ ಹೆಸರಿದ್ದರೆ ಬದಲಿ ಇಲ್ಲದ ಕೊಂಡಿ ಅದೇ ಆಗುತ್ತದೆ.

9. ಸಭೆಯಲ್ಲಿ ಚರ್ಚೆಗೆ

1. ಕಳೆದ ತಿಂಗಳು ನಮ್ಮ ಕಚೇರಿಯಲ್ಲಿ ಎಷ್ಟು ಗಂಟೆ ಸಂಪರ್ಕ ಇರಲಿಲ್ಲ? ಅದನ್ನು ಬರೆದಿಡಲಾಗಿದೆಯೇ?

2. ಆ ಅವಧಿಯಲ್ಲಿ ಎಷ್ಟು ಜನ ಅರ್ಜಿ ಸಲ್ಲಿಸದೆ ಹಿಂದಿರುಗಿದರು?

3. ನಮ್ಮ ಫೈಬರ್ ಯಾವ ರಸ್ತೆಯಿಂದ ಬರುತ್ತದೆ? ಆ ರಸ್ತೆಯಲ್ಲಿ ಈ ವರ್ಷ ಚರಂಡಿ, ಪೈಪ್‌ಲೈನ್ ಅಥವಾ ರಸ್ತೆ ಕಾಮಗಾರಿ ಯೋಜಿತವಾಗಿದೆಯೇ? ಅಗೆಯುವ ಮುನ್ನ ಗುತ್ತಿಗೆದಾರರಿಗೆ ಕೇಬಲ್ ಮಾರ್ಗ ತೋರಿಸುವವರು ಯಾರು?

4. ನಮ್ಮಲ್ಲಿ ‘ಒಂದೇ ಟಿ.ಸಿ.’ ಎನ್ನಬಹುದಾದ ಸಾಧನ, ಮಾರ್ಗ ಅಥವಾ ವ್ಯಕ್ತಿ ಯಾವುದು?

ಮೊದಲೆರಡು ಪ್ರಶ್ನೆಗಳಿಗೆ ಉತ್ತರ ದೊರೆಯದಿದ್ದಲ್ಲಿ, ಖರೀದಿಗೆ ಮುನ್ನ ಒಂದು ವಹಿಯನ್ನು ತೆರೆದು ಇಂದಿನಿಂದಲೇ ಬರೆಯಲು ಆರಂಭಿಸುವುದು. ಮೂರು ತಿಂಗಳ ದಾಖಲೆ ಕೈಯಲ್ಲಿದ್ದರೆ ಯಾವ ಕೊಂಡಿ ಮೊದಲು ಭದ್ರವಾಗಬೇಕು ಎಂಬುದನ್ನು ಸಭೆಯೇ ಖಚಿತವಾಗಿ ತೀರ್ಮಾನಿಸಬಲ್ಲದು.